ಎಡಗೈಯ ಸಂಸ್ಕಾರ

ಮನುಷ್ಯನು ಬುದ್ಧಿಪೂರ್ವಕವಾಗಿ ಮಾಡಿದ ಕರ್ಮಕ್ಕೆ ಅವನೇ ಹೊಣೆ ಎಂಬುದರಲ್ಲಿ ವಿವಾದವಿಲ್ಲ. ಬುದ್ಧಿಯು ಎಚ್ಚತ್ತುಕೊಳ್ಳುವುದಕ್ಕೆ ಮುಂಚೆಯೇ ಕೈಯಾಗಲಿ ಕಾಲಾಗಲಿ ಮಾಡಿಬಿಟ್ಟ ಕರ್ಮಕ್ಕೆ ಹೊಣೆ ಯಾರು ಎಂಬಲ್ಲಿ ಮಾತ್ರ ವಿವಾದವು ಹುಟ್ಟುತ್ತದೆ. ಧರ್ಮಶಾಸ್ತ್ರಕಾರರು ಪ್ರಾಯಶ್ಚಿತ್ತಗಳನ್ನು ವಿಧಿಸುವಾಗ ತಿಳಿದು ಮಾಡಿದುದಕ್ಕೂ ತಿಳಿಯದೆ ಮಾಡಿದುದಕ್ಕೂ ಭೇದವನ್ನೆಣಿಸಿದರು. ಆದರೆ ತಿಳಿಯದೆ ಮಾಡಿದುದು ದೋಷವೇ ಅಲ್ಲವೆಂದು ಅವರು ತಳ್ಳಿಹಾಕಲಿಲ್ಲ. ಏಕೆ ತಳ್ಳಿಹಾಕಲಿಲ್ಲವೆಂಬುದು ವಿಚಾರಾರ್ಹವಾದುದು. ಇದಕ್ಕೆ ಪುರಾಣದ ದೃಷ್ಟಾಂತವನ್ನು ಹುಡುಕಬೇಕಾದುದಿಲ್ಲ. ಶಿವಮೊಗ್ಗೆಯಿಂದ ಭದ್ರಾವತಿಗೆ ಹೋಗುವ ಹದಿನೆಂಟು ಇಪ್ಪತ್ತು ಕಿಲೋಮೀಟರಿನ ದಾರಿಯೇ ಸಾಕು.

ದುರ್ಗಿಗುಡಿಯಲ್ಲಿ ವಾಸಿಸುವ, ಐವತ್ತು ದಾಟಿದ ಒಬ್ಬ ಗೃಹಸ್ಥರನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಇಪ್ಪತ್ತು ವರ್ಷಗಳಿಂದ ಅವರ ವಾಹನವು ಗೇರಿಲ್ಲದ ಸ್ಕೂಟರು. ಕಚೇರಿಗೆ ಅದೇ, ಗಾಂಧಿ ಬಜಾರಿಗೆ ಅದೇ. ಭದ್ರಾವತಿಯಲ್ಲಿರುವ ತಂಗಿಯ ಮನೆಗೂ ಅದರಲ್ಲಿಯೇ ಹೋಗಿಬರುವುದು ವಾಡಿಕೆ. ಒಂದು ಭಾನುವಾರ ತಂಗಿಯ ಮಗನು ದೂರಪ್ರವಾಸಕ್ಕೆಂದು ಕಟ್ಟಿದ, ಎರಡು ಕ್ವಿಂಟಾಲಿನಷ್ಟು ತೂಕದ, ಹೊಸ ಮೋಟಾರುಸೈಕಲನ್ನು ತಂದು ಅವರ ಜಗುಲಿಯ ಮುಂದೆ ನಿಲ್ಲಿಸಿದನು. “ಮಾವ, ಈ ಸಲ ನೀವೇ ಓಡಿಸಿ ನೋಡಿ, ನಾನು ನಿಮ್ಮ ಸ್ಕೂಟರಿನಲ್ಲಿ ಹಿಂದೆ ಬರುತ್ತೇನೆ. ಒಂದೇ ಮಾತು: ಎಡಗಡೆ ಇರುವುದು ಬ್ರೇಕಲ್ಲ, ಕ್ಲಚ್ಚು” ಎಂದನು. ಗೃಹಸ್ಥರು ನಕ್ಕು, “ಗೊತ್ತಪ್ಪ, ನೀನು ಹುಟ್ಟುವ ಮೊದಲೇ ಚೇತಕ್ ಓಡಿಸಿದವನು ನಾನು” ಎಂದರು. ಈ ಉತ್ತರದಲ್ಲಿ ಸುಳ್ಳೇನೂ ಇರಲಿಲ್ಲ. ಅದು ಸತ್ಯವಾಗಿದ್ದುದೇ ಮುಂದಿನ ತೊಡಕಿಗೆಲ್ಲ ಮೂಲವಾಯಿತು.

ನಮ್ಮ ದೇಶದ ದ್ವಿಚಕ್ರಿಗಳ ಎಡಗೈಗೆ ಒಂದು ಚರಿತ್ರೆಯೇ ಉಂಟು. 1972ರಲ್ಲಿ ಹೊರಬಂದು ಒಂದು ತಲೆಮಾರಿನ ಗೃಹಸ್ಥರನ್ನೆಲ್ಲ ಹೊತ್ತ ಚೇತಕ್ ಸ್ಕೂಟರಿನಲ್ಲಿ ಎಡಗೈಯ ಸನ್ನೆ ಕ್ಲಚ್ಚಿನದು. ಆ ಹಿಡಿಯನ್ನೇ ತಿರುಗಿಸಿ ಗೇರು ಬದಲಿಸಬೇಕಾಗಿತ್ತು. ಹಿಂಚಕ್ರದ ಬ್ರೇಕು ಬಲಗಾಲಿನ ಪಾಲು. ಆಮೇಲೆ ಕೈನೆಟಿಕ್ ಹೋಂಡಾ, ಈ ಶತಮಾನದ ಆರಂಭದಿಂದ ಆಕ್ಟಿವಾ ಮುಂತಾದ ಗೇರಿಲ್ಲದವು ಬಂದು, ಎಡಗೈಯ ಅದೇ ಸ್ಥಾನದಲ್ಲಿ ಹಿಂಬ್ರೇಕನ್ನು ಕೂಡಿಸಿದುವು. ಬೆರಳಿಗೆ ಸಿಕ್ಕುವ ಸನ್ನೆ ಒಂದೇ. ಅದು ಮಾಡುವ ಕೆಲಸ ಮಾತ್ರ ಬೇರೆ. ಪಾದಗಳ ಪಾಡೂ ಹೀಗೆಯೇ ಆಗಿತ್ತು. ಹಳೆಯ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. 1960ರಲ್ಲಿ ಸ್ಥಾಪಿತವಾಗಿ 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳಲ್ಲಿ ಗೇರು ಎಡಗಾಲಿಗೆ. ಅಷ್ಟೇ ಅಲ್ಲ, ಒದ್ದು ಹೊರಡಿಸುವ ಸನ್ನೆಯೇ ಮಡಚಿದರೆ ಗೇರಿನ ಸನ್ನೆಯಾಗುತ್ತಿತ್ತು. ಯೆಜ್ಡಿಯಿಂದ ಬುಲೆಟ್ಟಿಗೆ ಹತ್ತಿದವರು ಬ್ರೇಕೆಂದು ಗೇರನ್ನು ತುಳಿದ ಕಥೆಗಳು ಆ ಕಾಲದ ಮನೆಮನೆಯಲ್ಲಿಯೂ ನಗೆಗೆ ವಿಷಯವಾಗಿದ್ದುವು. ನಗುವುದಕ್ಕೆ ಉಳಿದಿದ್ದವರು ಹೇಳಿದ ಕಥೆಗಳು ಅವು ಎಂಬುದನ್ನು ಮರೆಯಲಾಗದು.

ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆ ಇಲ್ಲೊಂದು ಕೌತುಕವು ತೋರದಿರದು. ಆ ಪುಟ್ಟ ಗ್ರಂಥದಲ್ಲಿ ಸಂಸ್ಕಾರವೆಂಬ ಗುಣವನ್ನು ವೇಗ, ಭಾವನೆ, ಸ್ಥಿತಿಸ್ಥಾಪಕವೆಂದು ಮೂರು ಬಗೆಯಾಗಿ ವಿಂಗಡಿಸಿದೆ. ಬಿಟ್ಟ ಬಾಣವನ್ನು ಮುಂದಕ್ಕೊಯ್ಯುವುದು ವೇಗ. ಹಿಂದಿನ ಅನುಭವವು ಆತ್ಮದಲ್ಲಿ ಉಳಿಸಿದ ಅಚ್ಚು ಭಾವನೆ. ಬಗ್ಗಿಸಿದ ಕೊಂಬೆಯನ್ನು ಮತ್ತೆ ಸ್ವಸ್ಥಾನಕ್ಕೆ ತರುವುದು ಸ್ಥಿತಿಸ್ಥಾಪಕ. ಓಡುವ ಯಂತ್ರದ ರಭಸವನ್ನೂ ಮನುಷ್ಯನ ಹಳೆಯ ನೆನಪನ್ನೂ ಒಂದೇ ಹೆಸರಿನಡಿ ತಂದ ಈ ವಿಭಾಗವು ಬಾಲಪಾಠದಲ್ಲಿ ವಿಚಿತ್ರವಾಗಿ ಕಾಣುತ್ತದೆ. ಗ್ರಂಥಕಾರನು ಕೈಯ ರೂಢಿಯನ್ನು ಉದ್ದೇಶಿಸಿ ಹೇಳಲಿಲ್ಲವೆಂಬುದೇನೋ ದಿಟ. ಆದರೂ ಎರಡಕ್ಕೂ ಸಮಾನವಾದ ಲಕ್ಷಣವೊಂದುಂಟು: ಹುಟ್ಟಿಸಿದ ಕಾರಣವು ನಿಂತುಹೋದ ಮೇಲೆಯೂ ಅವೆರಡೂ ಕೆಲಸ ಮಾಡುತ್ತಲೇ ಇರುತ್ತವೆ.

ಸಂಸ್ಕಾರವು ಶತ್ರುವೆಂದು ಇದರಿಂದ ತಿಳಿಯಬಾರದು. ವೇಗದಲ್ಲಿರುವ ದ್ವಿಚಕ್ರಿಯನ್ನು ಬಲಕ್ಕೆ ತಿರುಗಿಸಬೇಕಾದರೆ ಸವಾರನು ಕ್ಷಣಕಾಲ ಹಿಡಿಯನ್ನು ಎಡಕ್ಕೆ ಒತ್ತಬೇಕು. ಆಗಲೇ ವಾಹನವು ಬಲಕ್ಕೆ ವಾಲಿ ತಿರುವನ್ನು ಹಿಡಿಯುವುದು. ಸೈಕಲು ತುಳಿದವರೆಲ್ಲರ ಕೈಗೂ ಇದು ಗೊತ್ತು. ಬಾಯಿಗೆ ಗೊತ್ತಿರುವವರು ವಿರಳ. ಎಷ್ಟೋ ಮಂದಿಗೆ ಹೇಳಿದರೆ ನಂಬಿಕೆಯೂ ಬರುವುದಿಲ್ಲ. ಬುದ್ಧಿಗೆ ತಿಳಿಯದ ವಿದ್ಯೆಯನ್ನು ಕೈ ತಾನೇ ಕಲಿತು ಜೀವಮಾನವೆಲ್ಲ ಕಾಪಾಡುತ್ತಿರುವಾಗ ಅದನ್ನು ಯಾರೂ ಪರೀಕ್ಷಿಸಹೋಗುವುದಿಲ್ಲ.

ಗೃಹಸ್ಥರು ಹೊರಟರು. ದುರ್ಗಿಗುಡಿಯ ಸಂದಣಿಯಲ್ಲಿ ಯಂತ್ರದ ಭಾರವು ಅವರನ್ನು ಬೆದರಿಸಿತು. ನಿಂತಲ್ಲೆಲ್ಲ ಪಾದಗಳು ನೆಲವನ್ನು ತಡವಿದುವು. ತುಂಗೆಯ ಸೇತುವೆ ದಾಟಿ, ವಿದ್ಯಾನಗರವು ಹಿಂದಾಗಿ, ಮಾಚೇನಹಳ್ಳಿಯ ಕಡೆಗೆ ರಸ್ತೆಯು ಬಿಚ್ಚಿಕೊಂಡಾಗ ಆ ಭಾರವೇ ಸುಖವಾಯಿತು. ಸ್ಕೂಟರಿನ ಸಣ್ಣ ಗಾಲಿಗಳು ಎಣಿಸಿಕೊಡುತ್ತಿದ್ದ ಕುಳಿಗಳು ಈಗ ಲೆಕ್ಕಕ್ಕೇ ಬರಲಿಲ್ಲ. ದೊಡ್ಡ ಗಾಲಿ, ಉದ್ದವಾದ ಮೈ, ತೂಕ, ಇವು ವೇಗದಲ್ಲಿ ತಾವಾಗಿಯೇ ಸ್ಥೈರ್ಯವನ್ನು ಕೊಡುತ್ತವೆ. ಯಂತ್ರದ ಆ ಸ್ಥೈರ್ಯವನ್ನು ಸವಾರನು ತನ್ನದೆಂದು ಭಾವಿಸುವುದು ಸಹಜ. ನಿದಿಗೆಯನ್ನು ದಾಟುವ ವೇಳೆಗೆ ಗೃಹಸ್ಥರು ಹಾಗೆಯೇ ಭಾವಿಸಿದ್ದರು.

1923ರಲ್ಲಿ ಕಬ್ಬಿಣ ತೆಗೆಯಲಾರಂಭಿಸಿದ ಆ ಊರನ್ನು ಹೊಕ್ಕು ಭದ್ರೆಯ ಸೇತುವೆಗೆ ಸಮೀಪಿಸುತ್ತಿದ್ದಾಗ ಪಕ್ಕದ ಓಣಿಯಿಂದ ಸೈಕಲಿನ ಮೇಲೆ ಹುಡುಗನೊಬ್ಬನು ಅಡ್ಡ ಬಂದನು. ಗೃಹಸ್ಥರ ಎಡಗೈಯ ನಾಲ್ಕು ಬೆರಳುಗಳೂ ಬಲವಾಗಿ ಸನ್ನೆಯನ್ನೆಳೆದುವು. ಸ್ಕೂಟರಾಗಿದ್ದರೆ ಅದು ನಿಲ್ಲುತ್ತಿತ್ತು. ಇಲ್ಲಿ ಎಂಜಿನಿಗೂ ಚಕ್ರಕ್ಕೂ ಇದ್ದ ಸಂಬಂಧವು ಕಡಿದು, ಎಂಜಿನು ಎಳೆದು ಹಿಡಿಯುತ್ತಿದ್ದ ಅಷ್ಟಿಷ್ಟು ತಡೆಯೂ ಹೋಗಿ, ಎರಡು ಕ್ವಿಂಟಾಲು ಕಬ್ಬಿಣವು ನಿಶ್ಶಬ್ದವಾಗಿ ಮುಂದಕ್ಕೆ ಜಾರಿತು. ಗಂಟೆಗೆ 40 ಕಿಲೋಮೀಟರೆಂದರೆ ಒಂದು ಸೆಕೆಂಡಿಗೆ 11 ಮೀಟರು. ಬಲಗೈಯೂ ಬಲಗಾಲೂ ತಮ್ಮ ಕೆಲಸವನ್ನು ನೆನೆಸಿಕೊಳ್ಳುವಷ್ಟರಲ್ಲಿ ಆ ಹನ್ನೊಂದು ಮೀಟರು ಮುಗಿದಿತ್ತು. ಹುಡುಗನು ಹೇಗೋ ಒತ್ತರಿಸಿಕೊಂಡನು. ಅವನ ಕೈಚೀಲಕ್ಕೆ ಹಿಡಿಯ ತುದಿ ತಗುಲಿತು. ಅವನು ಒಮ್ಮೆ ತಿರುಗಿ ನೋಡಿ ಹೊರಟುಹೋದನು.

ಹಿಂದಿನಿಂದ ಬಂದ ಸೋದರಳಿಯನು ಹೇಳಿದ ಮಾತು, “ಏನೂ ಆಗಲಿಲ್ಲವಲ್ಲ ಮಾವ, ಬಿಡಿ” ಎಂದು.

ಏನೂ ಆಗಲಿಲ್ಲವೆಂಬುದು ಹುಡುಗನ ಪುಣ್ಯ. ಅದನ್ನು ಗೃಹಸ್ಥರ ಲೆಕ್ಕಕ್ಕೆ ಜಮಾ ಮಾಡುವುದು ನ್ಯಾಯವಲ್ಲ. ಅವನು ಒತ್ತರಿಸಿಕೊಳ್ಳದೆ ಇದ್ದಿದ್ದರೆ ಗೃಹಸ್ಥರು ಮಾಡಿದ ಕರ್ಮದಲ್ಲಿ ಒಂದು ಕೂದಲೆಳೆಯಷ್ಟೂ ಹೆಚ್ಚಾಗುತ್ತಿರಲಿಲ್ಲ; ಲೋಕವು ಕೊಡುವ ಹೆಸರು ಮಾತ್ರ ಬೇರೆಯಾಗುತ್ತಿತ್ತು. ಹಾಗಾದರೆ ದೋಷವೆಲ್ಲಿ? ಸನ್ನೆಯನ್ನೆಳೆದ ಕ್ಷಣದಲ್ಲಿ ಎಂದರೆ ಸಲ್ಲದು. ಆ ಕ್ಷಣದಲ್ಲಿ ಬುದ್ಧಿಗೆ ಅವಕಾಶವೇ ಇರಲಿಲ್ಲ. ಕೈಯು ಇಪ್ಪತ್ತು ವರ್ಷ ಪ್ರಾಣ ಉಳಿಸಿದ್ದ ಕೆಲಸವನ್ನೇ ಮಾಡಿತು. ಅಜ್ಞಾನದಲ್ಲಿ ಎನ್ನೋಣವೆಂದರೆ ಅದೂ ಅಲ್ಲ. ಎಡಗಡೆ ಇರುವುದು ಕ್ಲಚ್ಚೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಗೊತ್ತಿದ್ದುದು ನಾಲಗೆಗೆ. ಚೇತಕ್ ಕಲಿಸಿದ ಪಾಠವು ಇಪ್ಪತ್ತು ವರ್ಷದ ಹೊಸ ರೂಢಿಯ ಕೆಳಗೆ ಹೂತುಹೋಗಿದ್ದುದನ್ನು ಅವರು ಕೈಯನ್ನೇ ಕೇಳಿ ನೋಡಲಿಲ್ಲ. ಸೂತ್ರವನ್ನು ಬಾಯಿಪಾಠ ಒಪ್ಪಿಸಿದ ಮಾತ್ರಕ್ಕೆ ಪ್ರಯೋಗವೂ ಬರುವುದೆಂದು ನಂಬಿದ ವಿದ್ಯಾರ್ಥಿಯು ಪರೀಕ್ಷೆಯಲ್ಲಿ ತಾನೇ ಅಂಕಗಳನ್ನು ಕಳೆದುಕೊಳ್ಳುತ್ತಾನೆ. ಇಲ್ಲಿ ಕಳೆದುಕೊಳ್ಳತಕ್ಕವನು ದಾರಿಹೋಕ. ಅದೇ ಗೃಹಸ್ಥರು ಅದೇ ತಪ್ಪನ್ನು ಬಯಲಿನಲ್ಲಿ ಮಾಡಿದ್ದರೆ ಅದು ಕಲಿಕೆ ಎನ್ನಿಸಿಕೊಳ್ಳುತ್ತಿತ್ತು. ತಿಳಿಯದಿರುವುದು ದೋಷವಲ್ಲ, ತಿಳಿಯದಿರುವುದರ ಬೆಲೆಯನ್ನು ಕೇಳದೆಯೇ ಪರರ ಮೇಲೆ ಹೊರಿಸಿದುದು ದೋಷ. ಅದು ನಡೆದುದು ಭದ್ರೆಯ ದಡದಲ್ಲಲ್ಲ, ದುರ್ಗಿಗುಡಿಯ ಜಗುಲಿಯಲ್ಲಿ, ನಗುತ್ತ ಬೀಗದಕೈಯನ್ನು ಈಸಿಕೊಂಡಾಗ.

ಸರಕಾರದ ಪರವಾನಗಿ ಅವರಲ್ಲಿತ್ತಲ್ಲ ಎಂದು ಕೆಲವರು ಕೇಳಬಹುದು. ಇತ್ತು. 1988ರ ಮೋಟಾರು ವಾಹನ ಅಧಿನಿಯಮವು ಗೇರುಳ್ಳ ಮೋಟಾರುಸೈಕಲೆಂದೂ ಗೇರಿಲ್ಲದುದೆಂದೂ ಭೇದವನ್ನು ಮಾಡಿದೆಯೇ ಹೊರತು ಗಾತ್ರದಿಂದ ಭೇದವನ್ನು ಮಾಡಿಲ್ಲ. ನೂರು ಸಿಸಿಯ ಗಾಡಿಯಲ್ಲಿ ಪರೀಕ್ಷೆ ಕೊಟ್ಟವನು, ಆರು ಸಿಲಿಂಡರುಗಳ, ನಾಲ್ಕು ಕ್ವಿಂಟಾಲಿಗೆ ಸಮೀಪಿಸುವ, 1,833 ಸಿಸಿಯ ಗೋಲ್ಡ್ ವಿಂಗನ್ನೂ ಅದೇ ಕಾಗದದ ಬಲದಿಂದ ಏರಬಹುದು. ಯೂರೋಪಿನ ಒಕ್ಕೂಟದ ದೇಶಗಳಲ್ಲಿ 2013ರಿಂದ ಮೂರು ಮೆಟ್ಟಿಲುಗಳಿವೆ: ಮೊದಲು 125 ಸಿಸಿ, ಬಳಿಕ 35 ಕಿಲೋವಾಟ್ ಶಕ್ತಿಯವರೆಗೆ, ಅನಂತರ ಮಿತಿಯಿಲ್ಲದುದು. ಶಾಸ್ತ್ರಾರಂಭದಲ್ಲಿ ಅಧಿಕಾರಿ ಯಾರೆಂದು ಮೊದಲು ವಿಚಾರಿಸಿಕೊಂಡ ನಮ್ಮ ಹಿರಿಯರಿಗೆ ಇದು ಹೊಸದಾಗಿ ತೋರುತ್ತಿರಲಿಲ್ಲ. ಆದರೆ ಎಷ್ಟು ಮೆಟ್ಟಿಲು ಕಟ್ಟಿದರೂ, ಮೂವತ್ತು ವರ್ಷದ ಹಿಂದೆ ಪಡೆದ ಅಧಿಕಾರವು ಈ ದಿನದ ಕೈಯಲ್ಲಿ ಉಳಿದಿದೆಯೋ ಇಲ್ಲವೋ ಎಂದು ಯಾವ ಕಚೇರಿಯೂ ಪ್ರತಿದಿನ ಕೇಳಲಾರದು.

ಸ್ಕೂಟರಿನವನು ಸ್ಕೂಟರಿಗೇ ಅಂಟಿಕೊಂಡಿರಲಿ ಎಂಬ ಉಪದೇಶವೂ ಯುಕ್ತವಲ್ಲ. ಸ್ವಧರ್ಮದ ಹೆಸರಿನಲ್ಲಿ ಸೋಮಾರಿತನವನ್ನು ಕಾಪಾಡಿದವರು ಬೇಕಾದಷ್ಟು ಮಂದಿ ಉಂಟು. ಒಂದು ಸಂಸ್ಕಾರವನ್ನು ಮತ್ತೊಂದು ಸಂಸ್ಕಾರವೇ ಅಳಿಸಬೇಕು. ಅದಕ್ಕೆ ಕಾಲ ಬೇಕು, ನಿರ್ಜನವಾದ ಸ್ಥಳ ಬೇಕು, ನಾಚಿಕೆಯನ್ನು ಸಹಿಸುವ ಶಕ್ತಿಯೂ ಬೇಕು.

ಗೃಹಸ್ಥರು ಆ ಸಂಜೆ ತಮ್ಮ ಸ್ಕೂಟರಿನಲ್ಲಿಯೇ ಶಿವಮೊಗ್ಗೆಗೆ ಮರಳಿದರು. ಹೇಗಿತ್ತೆಂದು ಮನೆಯಾಕೆ ಕೇಳಿದಾಗ, ಚೆನ್ನಾಗಿತ್ತೆನ್ನಲು ಬಾಯಿ ತೆರೆದವರು, ಒಂದು ಗಳಿಗೆ ತಡೆದು, ಹುಡುಗನ ಸಂಗತಿಯನ್ನೂ ಹೇಳಿದರು. ಮುಂದಿನ ಭಾನುವಾರ ಬೆಳಕು ಹರಿಯುವ ಮುನ್ನ ಸೋದರಳಿಯನು ಮೋಟಾರುಸೈಕಲನ್ನು ಊರಾಚೆಯ ಬಯಲಿಗೆ ತಂದನು. ನಡಿಗೆಯ ವೇಗದಲ್ಲಿ ಹೋಗುವುದು, ಅವನು ಕೈ ಎತ್ತಿದೊಡನೆ ನಿಲ್ಲಿಸುವುದು, ಮತ್ತೆ ಹೊರಡುವುದು. ಹೀಗೆ ಐದು ಭಾನುವಾರಗಳು ಕಳೆದುವು. ಆರನೆಯ ಭಾನುವಾರ ಬಲಗೈಯೂ ಬಲಗಾಲೂ ತಪ್ಪದೆ ಮುಂದಾದುವು. ಸೋದರಳಿಯನು, “ಇನ್ನು ಭದ್ರಾವತಿಗೆ ಹೋಗಬಹುದು, ಮಾವ” ಎಂದನು. ಅಷ್ಟರಲ್ಲಿ ಬೇಲಿಯ ಸಂದಿನಿಂದ ನಾಯಿಯೊಂದು ಅಡ್ಡ ಹಾಯಿತು. ಯಂತ್ರವೇನೋ ನಿಂತಿತು. ಗೃಹಸ್ಥರು ಮಾತ್ರ ತಮ್ಮ ಎಡಗೈಯ ಬೆರಳುಗಳನ್ನೇ ನೋಡುತ್ತಿದ್ದು, “ಇವು ಮೊದಲು ಎಳೆದುವು, ಕಂಡೆಯಾ? ಇನ್ನೊಂದು ತಿಂಗಳು ಹೋಗಲಿ” ಎಂದು ಬೀಗದಕೈಯನ್ನು ಅವನಿಗೆ ಹಿಂದಿರುಗಿಸಿದರು.