ತಂದೆತಾಯಿಗಳ ತರುವಾಯ

ಬುದ್ಧಿಯ ಬೆಳವಣಿಗೆ ಕುಂದಿದ ಮಗನುಳ್ಳ ತಂದೆತಾಯಿಗಳಿಗೆ ತಮ್ಮ ಮರಣಕ್ಕಿಂತ ಆಮೇಲಿನ ಚಿಂತೆಯೇ ಹಿರಿದು. ಅದನ್ನು ಶಿವನಿಚ್ಛೆಯೆಂದು ದೂಡುವುದು ಭಕ್ತಿಯೇ? ಚಳ್ಳಕೆರೆಯ ರೈತನು ಮಳೆಯನ್ನು ಶಿವನಿಗೆ ಬಿಟ್ಟರೂ ಬಿತ್ತನೆಯ ಶೇಂಗಾವನ್ನು ತಾನೇ ತೆಗೆದಿರಿಸುತ್ತಾನೆ. ಮೊಳಕಾಲ್ಮೂರಿನ ನೇಕಾರನು ಹಾಸು ಹೂಡದೆ ಹೊಕ್ಕು ಹಾಕನು. ಮಗನ ವಿಷಯದಲ್ಲಿ ಮಾತ್ರ ಏರ್ಪಾಡು ಅಪನಂಬಿಕೆಯೆನಿಸುವುದೇಕೆ?

ಸಾಮಾನ್ಯವಾಗಿ ಹೊಲವನ್ನೆಲ್ಲ ಅಣ್ಣನಿಗೆ ಬರೆದು, ತಮ್ಮನನ್ನು ಅವನ ಕೈಗೆ ಒಪ್ಪಿಸುತ್ತಾರೆ. ಅಣ್ಣನು ಸಾಧುವೇ ಇರಬಹುದು. ಆದರೆ ಅವನ ಆಯುಷ್ಯವೂ ಮಿತವೇ, ಅವನಿಗೂ ಸಾಲಸೋಲಗಳುಂಟು. ತಮ್ಮನ ಹಕ್ಕಿನ ಪಾಲು ಅಣ್ಣನ ಔದಾರ್ಯವಾಗಿ ಮಾರ್ಪಟ್ಟರೆ ಉಣ್ಣುವ ತುತ್ತು ಭಿಕ್ಷೆಯಾಗುತ್ತದೆ. ಕೊಡುವವನಲ್ಲಿ 'ನಾನು' ಉಳಿಯದಿರುವುದೇ ದಾಸೋಹವೆಂಬ ಶರಣಧರ್ಮಕ್ಕೆ ಇದು ಒಪ್ಪದು.

ಮಗನಿಗೆ 18 ವರ್ಷ ತುಂಬಿದೊಡನೆ ತಂದೆತಾಯಿಗಳ ಸಹಜ ಪಾಲಕತ್ವವು ಕಾಯಿದೆಯಲ್ಲಿ ಮುಗಿಯುತ್ತದೆಂಬುದನ್ನು ಬಹುಮಂದಿ ಅರಿಯರು. ಬುದ್ಧಿಮಾಂದ್ಯ ಮೊದಲಾದ ನಾಲ್ಕು ಬಗೆಯ ವೈಕಲ್ಯವುಳ್ಳವರಿಗೆ, ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಯ ಮೂಲಕ ಪಾಲಕನನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯು ಅವಕಾಶವಿತ್ತಿದೆ. ಹಾಗೆ ನೇಮಕಗೊಂಡವನು 6 ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ, ವರ್ಷವರ್ಷ ಲೆಕ್ಕವನ್ನೂ ಒಪ್ಪಿಸತಕ್ಕದ್ದು. ಲೆಕ್ಕ ಕೇಳುವುದು ಅಣ್ಣನಿಗೆ ಅವಮಾನವೆಂದು ಕೆಲವರೆನ್ನುವರು. ಮಠದ ದಾಸೋಹಕ್ಕೂ ಲೆಕ್ಕವುಂಟಲ್ಲವೇ!

ಆದರೆ ಮೊದಲು ಕೇಳಬೇಕಾದವನು ಮಗನೇ. ಅವನು ಕಂಡಿಕೆ ಸುತ್ತಬಲ್ಲನೇ, ಯಾರ ಕೈಯೂಟ ಒಪ್ಪುತ್ತಾನೆ, ಯಾವ ಸದ್ದಿಗೆ ಬೆದರುತ್ತಾನೆ ಎಂಬುದೆಲ್ಲ ಇಂದು ತಾಯಿಯೊಬ್ಬಳಿಗೇ ಗೊತ್ತು. ಆಸ್ತಿಯ ಪತ್ರದೊಡನೆ ಇವನ್ನೂ ಬರೆದಿಡತಕ್ಕದ್ದು.