ಗಾಳಿಯ ದಾರಿಯಲ್ಲಿ ನಿಯಮದ ಬೇಲಿ



ಸಂಸಾರದಲ್ಲಿದ್ದುಕೊಂಡೇ ಇಂದ್ರಿಯಗಳ ಹಾವಳಿಯಿಂದ ಪಾರಾಗುವ ಬಗೆ ಯಾವುದು? ಮಠಕ್ಕೆ ಬರುವ ಗೃಹಸ್ಥರು ಮತ್ತೆ ಮತ್ತೆ ಕೇಳುವ ಪ್ರಶ್ನೆಯಿದು. ಅಮೆರಿಕದಲ್ಲಿ ನೆಲೆಸಿರುವ ಭಕ್ತರೊಬ್ಬರು ತಮ್ಮ ಒಂದು ದಿನದ ಪ್ರಯಾಣವನ್ನು ನಮ್ಮೊಡನೆ ನಿವೇದಿಸಿಕೊಂಡಾಗ, ತಮಗರಿವಿಲ್ಲದೆಯೇ ಇದಕ್ಕೆ ಉತ್ತರವನ್ನೂ ಹೇಳಿದರು.

ಆ ದೇಶದಲ್ಲಿ ಆರ್.ವಿ. ಎಂದು ಕರೆಯಲ್ಪಡುವ ಮನೆಗಾಡಿಗಳುಂಟು. ಅಡಿಗೆಯ ಒಲೆ, ಮಲಗುವ ಮಂಚ, ನೀರಿನ ತೊಟ್ಟಿ ಎಲ್ಲವೂ ಅದರೊಳಗೇ ಇರುವುವು. ಈ ಭಕ್ತರು ಚಳಿಗಾಲದ ಒಂದು ಪ್ರಾತಃಕಾಲ ಲಿಂಗಪೂಜೆಯನ್ನು ತೀರಿಸಿ, ಮಡದಿಮಕ್ಕಳೊಡನೆ ನೆಬ್ರಾಸ್ಕಾ ರಾಜ್ಯದ ನಾರ್ತ್ ಪ್ಲಾಟ್ ಪಟ್ಟಣದಿಂದ 80ನೆಯ ಹೆದ್ದಾರಿಯಲ್ಲಿ ಪಶ್ಚಿಮಾಭಿಮುಖವಾಗಿ ಹೊರಟರು. ರಾತ್ರಿಯೊಳಗೆ ವಯೋಮಿಂಗ್ ರಾಜ್ಯದ ರಾಲಿನ್ಸ್ ಸೇರಬೇಕೆಂಬುದು ಅವರ ಸಂಕಲ್ಪ. ಷೈಯಾನ್ ನಗರವನ್ನು ದಾಟಿ, 8,640 ಅಡಿ ಎತ್ತರದ ಶರ್ಮನ್ ಘಟ್ಟವನ್ನೇರಿ ಇಳಿದು ಲಾರಮಿ ತಲುಪುವ ವೇಳೆಗೆ ಹೊತ್ತು ಇಳಿದಿತ್ತು. ಅವರ ತೋಳುಗಳು ಚಕ್ರವನ್ನು ಹಿಡಿದು ಹಿಡಿದು ಸೋತಿದ್ದವು. ಅಲ್ಲಿಯ ಫಲಕದಲ್ಲಿ, ಮುಂದಿನ ದಾರಿಯಲ್ಲಿ ಗಾಳಿ ಪ್ರಬಲವಾಗಿರುವುದರಿಂದ ಎತ್ತರವಾಗಿಯೂ ಹಗುರವಾಗಿಯೂ ಇರುವ ವಾಹನಗಳು ಹೋಗಕೂಡದೆಂದು ಬರೆದಿತ್ತು.

ಉಳಿದದ್ದು ಸುಮಾರು 160 ಕಿಲೋಮೀಟರು ಮಾತ್ರ. ಇಷ್ಟು ದೂರ ಬಂದವರಿಗೆ ಇಷ್ಟು ದೊಡ್ಡದೇ ಎಂದು ಅವರ ಮನಸ್ಸು ಹಟ ಹಿಡಿಯಿತು. ಆಗ ಮಡದಿ ಹೇಳಿದರು: "ಗಾಡಿ ನಮ್ಮದು ನಿಜ, ಗಾಳಿ ನಮ್ಮದಲ್ಲವಲ್ಲ! ಒಳಗೆ ಮಕ್ಕಳಿದ್ದಾರೆ." ಆ ಮಾತಿಗೆ ತಲೆಬಾಗಿ ಅವರು ಅಲ್ಲಿಯೇ ತಂಗಿದರು. ರಾತ್ರಿಯೆಲ್ಲ ನಿಂತ ಗಾಡಿಯೇ ತೊಟ್ಟಿಲಿನಂತೆ ತೂಗಿತಂತೆ. ಮರುದಿನ ಗಾಳಿ ತಗ್ಗಿದ ಬಳಿಕ ಹೊರಟಾಗ, ದಾರಿಯ ಪಕ್ಕದಲ್ಲಿ ಮಗ್ಗುಲಾಗಿ ಉರುಳಿದ್ದ ಲಾರಿಯೊಂದನ್ನು ಕಂಡು ಅವರು ಮನಸ್ಸಿನಲ್ಲಿಯೇ ಶಿವನನ್ನು ನೆನೆದರು.

ಆ ಬಯಲಿನಲ್ಲಿ ಮರದ ಹಲಗೆಗಳ ಎತ್ತರವಾದ ಬೇಲಿಗಳು ಸಾಲುಸಾಲಾಗಿ ನಿಂತಿದ್ದವು. "ಅಪ್ಪಾ, ಬೇಲಿಯ ತುಂಬ ಸಂದುಗಳೇ ಇವೆ. ಇದು ಗಾಳಿಯನ್ನು ಹೇಗೆ ತಡೆಯುತ್ತದೆ?" ಎಂದು ಮಗಳು ಕೇಳಿದಳಂತೆ.

ಆ ಬೇಲಿಗಳ ವೃತ್ತಾಂತವಿದು. ಹಳೆಯ ಹೆದ್ದಾರಿಯು ರಾಕ್ ರಿವರ್, ಮೆಡಿಸಿನ್ ಬೋ ಎಂಬ ಊರುಗಳ ಮೇಲೆ ಸುತ್ತಿ ಹೋಗುತ್ತಿತ್ತು. ದೂರವನ್ನು ಉಳಿಸುವುದಕ್ಕಾಗಿ ಎಲ್ಕ್ ಪರ್ವತದ ಮಗ್ಗುಲಿನಲ್ಲಿ ಹೊಸ ದಾರಿಯನ್ನು ಹಾಕಿದರು. ಅಲ್ಲಿ ಗಾಳಿಯೂ ಹಿಮವೂ ಬಲವೆಂದು ಆ ನೆಲದಲ್ಲಿ ಬಾಳಿದವರು ಮೊದಲೇ ಎಚ್ಚರಿಸಿದ್ದರು. 1970ರಲ್ಲಿ ದಾರಿ ತೆರೆಯಿತು; ಮೊದಲ ಚಳಿಗಾಲದಲ್ಲಿಯೇ ಅವರ ಮಾತು ದಿಟವಾಯಿತು. 1971ರಿಂದ ಈಚೆಗೆ ಈ ಬೇಲಿಗಳು ಎದ್ದವು. ಬೇಲಿಯ ಸುಮಾರು ಅರ್ಧಭಾಗ ಬಯಲೇ. ಅದು ಗಾಳಿಯನ್ನು ನಿಲ್ಲಿಸುವುದಿಲ್ಲ, ಅದರ ವೇಗವನ್ನು ಮುರಿಯುತ್ತದೆ. ವೇಗ ಕುಂದಿದ ಗಾಳಿ ತಾನು ಹೊತ್ತು ತಂದ ಹಿಮವನ್ನು ಬೇಲಿಯ ಹಿಂದೆಯೇ ಚೆಲ್ಲಿ, ಹಗುರಾಗಿ ದಾರಿಯನ್ನು ದಾಟುತ್ತದೆ. ಸಂದಿಲ್ಲದ ಗೋಡೆಯನ್ನು ಕಟ್ಟಿದರಾದರೋ ಗಾಳಿ ಸುಳಿಸುಳಿಯಾಗಿ ಕೆರಳುತ್ತದೆ. ಹಿಮವೂ ಅಲ್ಲಿ ಅಷ್ಟಾಗಿ ನಿಲ್ಲದು.

ಬಂಧುಗಳೇ, ನಮ್ಮ ಶರಣರು ತೋರಿದ ದಾರಿಯೂ ಇದೇ ಅಲ್ಲವೆ? ಇಂದ್ರಿಯಗಳನ್ನು ಬಲಾತ್ಕಾರದಿಂದ ಅದುಮುವುದನ್ನು ಅವರು ಮೆಚ್ಚಲಿಲ್ಲ. ಅವುಗಳ ಇಚ್ಛೆಗೆ ಬಾಳನ್ನು ಒಪ್ಪಿಸುವುದನ್ನೂ ಒಪ್ಪಲಿಲ್ಲ. ನಿತ್ಯ ಲಿಂಗಾರ್ಚನೆ, ಸತ್ಯಶುದ್ಧವಾದ ಕಾಯಕ, ದಾಸೋಹ, ಉಣ್ಣುವುದಕ್ಕೆ ಮುನ್ನ ಲಿಂಗಕ್ಕೆ ಅರ್ಪಿಸುವ ಪ್ರಸಾದಭಾವ, ಇವೇ ಅವರು ನೆಟ್ಟ ಬೇಲಿ. ಇದರ ಸಂದುಗಳಲ್ಲಿ ಸಂಸಾರದ ಗಾಳಿ ಬೀಸುತ್ತಲೇ ಇರುವುದು. ಹೆಂಡತಿ ಮಕ್ಕಳು, ವ್ಯಾಪಾರ ವ್ಯವಹಾರ ಯಾವುದೂ ನಿಲ್ಲದು. ಆದರೆ ಆ ಗಾಳಿ ಹೊತ್ತು ತರುವ ಲೋಭಮೋಹಗಳು ಅರ್ಪಣೆಯ ಬೇಲಿಯಲ್ಲಿಯೇ ಉದುರಿ, ಭಕ್ತಿಯ ಹಾದಿ ತೆರವಾಗಿ ಉಳಿಯುವುದು.

ಇನ್ನೊಂದು ಮಾತನ್ನು ಮರೆಯಬೇಡಿರಿ. ಆ ಬೇಲಿಯನ್ನು ದಾರಿಯ ಅಂಚಿನಲ್ಲಿ ಕಟ್ಟುವುದಿಲ್ಲ. ಗಾಳಿ ಬರುವ ದಿಕ್ಕಿನಲ್ಲಿ, ಅದರ ಎತ್ತರದ ಸುಮಾರು 35 ಪಟ್ಟು ದೂರದಲ್ಲಿ, ಹಿಮ ಬೀಳುವ ಮುನ್ನವೇ ಕಟ್ಟಿರಬೇಕು. ಕೋಪ ಬಂದಾಗ ಜಪಮಾಲೆಯನ್ನು ಹುಡುಕುವವನಿಗೆ, ಸಾಲ ಮಿತಿಮೀರಿದಾಗ ಮಿತವ್ಯಯವನ್ನು ನೆನೆಯುವವನಿಗೆ ಇದು ಪಾಠ. ಚಿತ್ತ ಶಾಂತವಾಗಿರುವಾಗಲೇ ನಿಯಮವನ್ನು ನೆಡಬೇಕು.

ಇಷ್ಟಾಗಿಯೂ ಕೆಲವು ದಿನ ಗಾಳಿ ಬೇಲಿಯನ್ನೂ ಮೀರುವುದು. ಅಂದು ನಿಲ್ಲುವುದೇ ಭಕ್ತಿ. ಎತ್ತರವಾಗಿ ಹಗುರವಾದದ್ದು ಉರುಳುವುದೆಂಬುದು ಗಾಡಿಗೆ ಹೇಗೋ, ಅರಿವಿನ ತೂಕವಿಲ್ಲದ ಅಹಂಕಾರಕ್ಕೂ ಹಾಗೆಯೇ. ಹಿತದ ಮಾತು ಗುರುವಿನ ಬಾಯಿಂದ ಬರಲಿ, ಮಡದಿಯ ಬಾಯಿಂದ ಬರಲಿ, ಅದಕ್ಕೆ ಬಾಗಿದವನ ಮನೆ ಉಳಿಯುವುದು.

ಪರಶಿವನು ನಿಮ್ಮೆಲ್ಲರ ಮನೆಮನಗಳಲ್ಲಿ ನಿಯಮವನ್ನು ಸ್ಥಿರಗೊಳಿಸಲಿ. ಸರ್ವರಿಗೂ ಸನ್ಮಂಗಳವಾಗಲಿ.