ಚಿತ್ರದ ಗಿರಿಯೂ ರೋಗಿಯ ಹಾಸಿಗೆಯೂ

ರೋಗಾರ್ತನಿಗೆ ಔಷಧವನ್ನು ಕೊಡುವುದು ಧರ್ಮವೆಂಬುದರಲ್ಲಿ ವಿವಾದವಿಲ್ಲ. ಬೆಟ್ಟದ ಚಿತ್ರವೊಂದನ್ನು ತಂದು, ಇದೇ ನಿನ್ನ ಔಷಧವೆಂದು ಅವನ ಮುಂದೆ ಬಿಚ್ಚಿದವನು ಮಾಡಿದುದು ಉಪಕಾರವೋ ವಂಚನೆಯೋ? ಇದು ಕೇವಲ ಕಲ್ಪಿತವಾದ ಪ್ರಶ್ನೆಯಲ್ಲ.

ಕ್ರಿ. ಶ. 1087ರ ಬೇಸಗೆಯಲ್ಲಿ ಚೀನದ ಕವಿ ಚಿನ್ ಗುವಾನನು ಉದರವ್ಯಾಧಿಯಿಂದ ಮಲಗಿದ್ದನು. ಆಗ ಅವನು ಪ್ರಾಂತದ ಪಾಠಶಾಲೆಯೊಂದರಲ್ಲಿ ಅಧ್ಯಾಪಕ. ಮಿತ್ರನೊಬ್ಬನು, ಎಂಟನೆಯ ಶತಮಾನದ ಕವಿಯೂ ಚಿತ್ರಕಾರನೂ ಆದ ವಾಂಗ್ ವೇಯ ಹೆಸರಾಂತ ವಾಂಗ್‌ಚುವಾನ್ ಕಣಿವೆಯ ಚಿತ್ರವನ್ನು ತಂದು, ಇದನ್ನು ನೋಡಿದರೆ ರೋಗವು ನೀಗುವುದೆಂದನು. ಇಬ್ಬರು ಹುಡುಗರು ಸುರುಳಿಯನ್ನು ಪಕ್ಕದಲ್ಲಿ ಬಿಚ್ಚಿ ಹಿಡಿದರು. ರೋಗಿಯು ದಿಂಬಿನ ಮೇಲಿಂದಲೇ ನೋಡುತ್ತ, ಆ ಗುಡ್ಡ ತೋಪು ತೊರೆಗಳ ನಡುವೆ ವಾಂಗ್ ವೇಯೊಡನೆ ತಾನೂ ಅಲೆದಂತೆ ಭಾವಿಸಿದನು. ಕೆಲವು ದಿನಗಳಲ್ಲಿ ಗುಣವಾಯಿತೆಂದು ಅವನೇ ಬರೆದಿಟ್ಟಿದ್ದಾನೆ.

ಇದು ಕಾಕತಾಳೀಯವೆನ್ನುವವರಿಗೆ ಪ್ರತ್ಯುತ್ತರವನ್ನು ಹೇಳುವುದು ಸುಲಭವಲ್ಲ. ಅಂತಹ ವ್ಯಾಧಿಯು ತಾನಾಗಿಯೂ ಇಳಿದೀತು. 1984ರಲ್ಲಿ ರೋಜರ್ ಉಲ್ರಿಚ್ ಎಂಬ ಅಮೆರಿಕದ ವಿದ್ವಾಂಸರು, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ಮಂದಿಯ ದಾಖಲೆಗಳನ್ನು ಪರಿಶೀಲಿಸಿ, ಕಿಟಕಿಯಲ್ಲಿ ಮರಗಳನ್ನು ಕಂಡವರು ಇಟ್ಟಿಗೆಯ ಗೋಡೆಯನ್ನು ಕಂಡವರಿಗಿಂತ ಬೇಗನೆ ಮನೆಗೆ ಹೋದರೆಂದು ತೋರಿಸಿದರು. ಅವು ನಿಜವಾದ ಮರಗಳು, ಬರೆದವಲ್ಲ; ಆದರೂ ಕಣ್ಣಿಗೂ ದೇಹಕ್ಕೂ ನಂಟುಂಟೆಂಬಷ್ಟು ಇದರಿಂದ ಸಿದ್ಧಿಸುತ್ತದೆ.

ವಾಲ್ಮೀಕಿಗಳ ಕಥೆಯಲ್ಲಿಯೂ, ಹನುಮಂತನು ಮೊದಲನೆಯ ಸಲ ಓಷಧಿಪರ್ವತವನ್ನು ತಂದಾಗ, ರಾಮಲಕ್ಷ್ಮಣರು ಗುಣಹೊಂದಿದುದು ಮೂಲಿಕೆಗಳ ಗಂಧದಿಂದ. ಯಾರೂ ಕಷಾಯವನ್ನು ಕಾಸಲಿಲ್ಲ. ಕೆಲಸವಾದ ಮೇಲೆ ಬೆಟ್ಟವನ್ನು ಮತ್ತೆ ಸ್ವಸ್ಥಾನಕ್ಕೆ ಸೇರಿಸಿದುದನ್ನು ಕಥೆ ಹೇಳುವವರು ಹಲವರು ಮರೆಯುತ್ತಾರೆ.

ಚೀನದ ಚಿತ್ರಗಳಲ್ಲಿ ಪೈನ್ ಮರ, ಕ್ರೌಂಚಪಕ್ಷಿ, ಲಿಂಗ್‌ಝೀ ಎಂಬ ಅಣಬೆ ಇವೆಲ್ಲ ದೀರ್ಘಾಯುಸ್ಸಿನ ಸಂಕೇತಗಳು. ಸಂಕೇತದಲ್ಲಿರುವ ಆಶೆಯನ್ನು ಗುಳಿಗೆಯಲ್ಲಿಯೇ ಪಡೆಯಹೊರಟವರೂ ಇದ್ದರು. ತಾಂಗ್ ವಂಶದ ವೂಝೋಂಗ್ ಚಕ್ರವರ್ತಿಯು ಅಮರತ್ವದ ಔಷಧಗಳನ್ನು ಸೇವಿಸಿ ಸೇವಿಸಿ ದೇಹ ಕೆಟ್ಟು, 846ರಲ್ಲಿ, ಮೂವತ್ತರ ಆಸುಪಾಸಿನಲ್ಲಿಯೇ ತೀರಿಕೊಂಡನು. ಚಿನ್ ಗುವಾನನ ಮಿತ್ರನಾದರೋ ಚಿತ್ರವನ್ನು ಚಿತ್ರವೆಂದೇ ತೋರಿಸಿದನು. ಮರೆಮಾಚಿದುದೇನೂ ಇಲ್ಲವಾದುದರಿಂದ ಅಲ್ಲಿ ವಂಚನೆಯ ಮಾತೇ ಹುಟ್ಟದು. ವೈದ್ಯನನ್ನು ಕರೆಯಬೇಕಾದಲ್ಲಿ ಕರೆಯದೆ ಚಿತ್ರವನ್ನು ಮಾತ್ರ ಹಿಡಿದು ನಿಂತಿದ್ದರೆ ಅದು ಬೇರೆ ಮಾತು, ಪಾಪದ ಮಾತು.

ಇನ್ನು ಗುಣವಾಗದ ರೋಗವಾದರೆ? ಇವರೆಲ್ಲರಿಗಿಂತ ಹಿಂದಿನವನಾದ ತ್ಸೋಂಗ್ ಬಿಂಗನು (375–443) ಯೌವನದಲ್ಲಿ ಪರ್ವತಗಳನ್ನು ಸುತ್ತಿದವನು. ಮುಪ್ಪೂ ವ್ಯಾಧಿಯೂ ಕೂಡಿ ಬಂದಾಗ ಊರಿಗೆ ಮರಳಿ, ತಾನು ಕಂಡ ಬೆಟ್ಟಗಳನ್ನೆಲ್ಲ ಕೋಣೆಯ ಗೋಡೆಗಳ ಮೇಲೆ ಬರೆದು, ಮಲಗಿದಲ್ಲಿಯೇ ಸಂಚಾರ ಮಾಡುವೆನೆಂದನು. ಆ ಗೋಡೆಗಳಿಂದ ಅವನು ಆರೋಗ್ಯವನ್ನು ಬೇಡಲಿಲ್ಲ. ಅವುಗಳಿಗೆ ಎದುರಾಗಿ ಕುಳಿತು ತಂತಿಯ ವಾದ್ಯವನ್ನು ನುಡಿಸುವನು. ಬರೆದ ಬೆಟ್ಟಗಳೆಲ್ಲ ಅದಕ್ಕೆ ಮಾರ್ದನಿಗೊಡಬೇಕೆಂಬುದು ಅವನ ಬಯಕೆಯಾಗಿತ್ತು.